ಹಳೆಯ ಡೆಸ್ಕ್‌ಟಾಪ್‌ನ ಓವರ್‌ಕ್ಲಾಕಿಂಗ್: ಮೊದಲು ರ‍್ಯಾಮ್ ಕಡೆ ನೋಡಿ

ಹಳೆಯ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಲು, ಕುಳಿತವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ, ಪ್ರೊಸೆಸರನ್ನು ಬೋರ್ಡ್‌ನ ಉಳಿದ ಭಾಗಗಳಿಗೆ ಬೆಸೆಯುವ ದಾರಿಯಾದ ಬಸ್‌ನ ವೇಗದ ಅಂಕಿಯನ್ನು ಒಮ್ಮೆಲೇ ಏರಿಸುತ್ತಾರೆ. ಯಂತ್ರ ಪರದೆಯನ್ನೇ ತೋರಿಸದೆ ಸುಮ್ಮನಾಗುತ್ತದೆ. ಪ್ರೊಸೆಸರ್‌ಗೆ ಅಷ್ಟು ತಾಕತ್ತಿಲ್ಲವೆಂದು ತಾವೇ ತೀರ್ಮಾನಿಸಿ ವೋಲ್ಟೇಜ್ ಹೆಚ್ಚಿಸಲು ತೊಡಗುತ್ತಾರೆ. ಪ್ರೊಸೆಸರ್ ಆಗಲೂ ಆರಾಮವಾಗಿಯೇ ಇರುತ್ತದೆ. ಅದರ ಬೆನ್ನಿಗೆ ಕಟ್ಟಿಸಿಕೊಂಡು ಮಿತಿಮೀರಿ ಓಡಬೇಕಾಗಿ ಬಂದ ರ‍್ಯಾಮ್ ಕೈಕೊಟ್ಟಿರುತ್ತದೆ. ಈ ಎರಡನ್ನೂ ಬೇರ್ಪಡಿಸಿ ಪರೀಕ್ಷಿಸುವುದನ್ನು ಕಲಿತರೆ ಉಳಿದ ಕೆಲಸವೆಲ್ಲ ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯ.

ಹಂತ 1: ಯಂತ್ರದ ಆಯ್ಕೆ

ಕಲಿಯುವವರಿಗೆ ನಾನು ಸೂಚಿಸುವುದು ಇಂಟೆಲ್‌ನ ಪೆಂಟಿಯಂ ಡ್ಯುಯಲ್-ಕೋರ್ ಇ5200 ಪ್ರೊಸೆಸರ್ ಮತ್ತು ಜಿ31 ಚಿಪ್‌ಸೆಟ್‌ನ (ಪ್ರೊಸೆಸರನ್ನು ರ‍್ಯಾಮ್ ಮತ್ತಿತರ ಭಾಗಗಳೊಂದಿಗೆ ಬೆಸೆಯುವ ಚಿಪ್‌ಗಳ) ಮದರ್‌ಬೋರ್ಡ್. 2008ರಲ್ಲಿ ಬಂದ ಈ ಪ್ರೊಸೆಸರ್ ಆ ಕಾಲದ ಕಚೇರಿ, ಸೈಬರ್ ಕೆಫೆಗಳ ಯಂತ್ರಗಳಲ್ಲಿ ಇದ್ದಂಥದ್ದು, ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂಥವನ್ನು ವಿಚಾರಿಸಬಹುದು. ಸುಟ್ಟುಹೋದರೂ ಹೊಟ್ಟೆ ಉರಿಯದ ಬೆಲೆಯ ವಸ್ತುವಿನ ಮೇಲೆ ಕೈ ಪಳಗಿಸಿಕೊಳ್ಳುವುದೇ ಲೇಸು.

ಪ್ರೊಸೆಸರ್‌ನ ವೇಗವೆಂದರೆ ಬಸ್ ವೇಗವನ್ನು ಒಂದು ಗುಣಕದಿಂದ ಗುಣಿಸಿದಾಗ ಬರುವ ಮೊತ್ತ. ಇ5200ರಲ್ಲಿ ಬಸ್ 200 ಮೆಗಾಹರ್ಟ್ಸ್, ಗುಣಕ 12.5, ಹಾಗಾಗಿ 2.5 ಗಿಗಾಹರ್ಟ್ಸ್. ಗುಣಕವನ್ನು ಇಳಿಸಬಹುದೇ ಹೊರತು ಏರಿಸಲಾಗದು, ಆದ್ದರಿಂದ ಬಸ್ ಅನ್ನೇ ಏರಿಸಬೇಕು. ಬಸ್ 266ಕ್ಕೆ ಬಂದರೆ ವೇಗ 3.33 ಗಿಗಾಹರ್ಟ್ಸ್ ಆಗುತ್ತದೆ. 266 ಎಂಬುದು ಜಿ31 ಚಿಪ್‌ಸೆಟ್‌ಗೆ ಅಧಿಕೃತವಾಗಿಯೇ ಒಪ್ಪಿತವಾದ ವೇಗವಾದುದರಿಂದ ಚಿಪ್‌ಸೆಟ್ ಮೇಲೆ ಹೊರೆ ಬೀಳುವುದಿಲ್ಲ. ನಮ್ಮ ಗುರಿಯೂ ಅಷ್ಟೇ. ನಾಲ್ಕು ಗಿಗಾಹರ್ಟ್ಸ್‌ನ ಆಸೆಯನ್ನು ಈ ದರ್ಜೆಯ ಬೋರ್ಡ್ ಮೇಲೆ ಇಟ್ಟುಕೊಳ್ಳಬೇಡಿ.

2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಿಂದೀಚೆಗೆ ಇಂಟೆಲ್ ಈ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು. ಅಲ್ಲಿ ಹಳೆಯ ಬಸ್ ವೇಗದ ಜಾಗಕ್ಕೆ ಬಂದ ಮೂಲ ಗಡಿಯಾರವನ್ನು 100 ಮೆಗಾಹರ್ಟ್ಸ್‌ನಿಂದ ಕೆಲವೇ ಅಂಕಿಗಳಷ್ಟು ಸರಿಸಬಹುದು, ಹೆಸರಿನ ಕೊನೆಯಲ್ಲಿ ‘ಕೆ’ ಇರುವ ಪ್ರೊಸೆಸರ್‌ಗಳಿಗೆ ಮಾತ್ರ ಗುಣಕ ಪೂರ್ತಿ ತೆರೆದಿರುತ್ತದೆ. ಆ ಪೀಳಿಗೆಯ ಹೆಚ್61 ಬೋರ್ಡ್ ಮತ್ತು ಐ5-2400 ಪ್ರೊಸೆಸರ್ ತಂದು ಓವರ್‌ಕ್ಲಾಕ್ ಮಾಡುತ್ತೇನೆನ್ನುವವರಿಗೆ ನಿರಾಸೆ ಖಚಿತ. ಹಾಗೆಯೇ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ ಸಾಮಾನ್ಯವಾಗಿ ಬಸ್ ವೇಗದ ಆಯ್ಕೆಯೇ ಇರುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ಚಾಲೂ ಮಾಡಿಸಿ ಬಯೋಸ್ ತೆರೆದು ನೋಡಿ.

ಆಯ್ಕೆ ಇಲ್ಲದ ಬೋರ್ಡ್‌ಗಳಿಗೆ ಒಂದು ಒಳದಾರಿಯಿದೆ. ಪ್ರೊಸೆಸರ್ ತಳದಲ್ಲಿರುವ, ಬಸ್ ವೇಗವನ್ನು ಬೋರ್ಡ್‌ಗೆ ತಿಳಿಸುವ ಸಂಪರ್ಕಬಿಂದುವನ್ನು ವಿದ್ಯುತ್ ಹರಿಯುವ ಬಣ್ಣದಿಂದ ಪಕ್ಕದ ಬಿಂದುವಿಗೆ ಜೋಡಿಸಿ, ಬಂದಿರುವುದು 266ರ ಪ್ರೊಸೆಸರ್ ಎಂದು ಬೋರ್ಡ್ ನಂಬುವಂತೆ ಮಾಡುತ್ತಾರೆ. ಹೀಗೆ ಮಾಡಿದಾಗ ರ‍್ಯಾಮ್ ವೇಗವೂ ತಾನಾಗಿ ಸರಿಹೊಂದುತ್ತದೆ ಎಂಬುದು ನಿಜವಾದರೂ, ವೋಲ್ಟೇಜ್ ನಮ್ಮ ಕೈಯಲ್ಲಿ ಇರುವುದಿಲ್ಲ, ಬಣ್ಣ ಹರಡಿದರೆ ಬೋರ್ಡ್ ಕೆಡುತ್ತದೆ. ನಾನಂತೂ ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಹಂತ 2: ಶುಚಿ ಮತ್ತು ತಪಾಸಣೆ

ದೂಳು ತೆಗೆಯಿರಿ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ಆ ಬೋರ್ಡ್ ಬೇಡ. ಮೂರು ವೋಲ್ಟ್‌ನ ಸಿಆರ್2032 ಬ್ಯಾಟರಿಯನ್ನು ಹೊಸದಾಗಿ ಹಾಕಿ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ನಮ್ಮ ರಿಪೇರಿ ಅಂಗಡಿಗಳ ಪದ್ಧತಿ ತಪ್ಪಲ್ಲ, ಕರಾವಳಿಯ ತೇವದಲ್ಲಂತೂ ಅದು ಬೇಕೇಬೇಕು. ಆದರೆ ಉಜ್ಜಿದ ಪುಡಿಯನ್ನು ಒರೆಸದೆ ಹಾಗೆಯೇ ಸ್ಲಾಟ್‌ಗೆ ತುರುಕಿದರೆ ಹೊಸ ರೋಗ ಶುರುವಾಗುತ್ತದೆ.

ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ, ಕೈಯಲ್ಲಿ ಹಿಡಿದರೆ ಹಗುರವಾಗಿರುವ, ಮೇಲೆ 500 ವ್ಯಾಟ್ ಎಂದು ಚೀಟಿ ಅಂಟಿಸಿರುವ ಡಬ್ಬಿಗಳನ್ನು ನಂಬಬೇಡಿ. ಚೀಟಿಯಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು 12ರಿಂದ ಗುಣಿಸಿ ನೋಡಿ. ಪ್ರೊಸೆಸರ್‌ಗೆ ವಿದ್ಯುತ್ ಹೋಗುವುದು ಆ ಸಾಲಿನಿಂದಲೇ ಆದುದರಿಂದ ಡಬ್ಬಿಯ ನಿಜಬಣ್ಣ ಅಲ್ಲಿ ಬಯಲಾಗುತ್ತದೆ. ಗೋಡೆಯ ಸಾಕೆಟ್‌ನಲ್ಲಿ ಅರ್ತಿಂಗ್ ಸರಿಯಾಗಿದೆಯೇ ಎಂದೂ ಎಲೆಕ್ಟ್ರೀಷಿಯನ್‌ನಿಂದ ನೋಡಿಸಿ.

ಹಂತ 3: ಕೂಲರ್ ಕೂರಿಸುವುದು

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ, ಪ್ರೊಸೆಸರ್‌ನ ನಡುವೆ ಅಕ್ಕಿಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಇಡಿ. ಬೆರಳಿನಿಂದ ಹರಡುವುದು ಬೇಡ, ಕೂಲರ್‌ನ ಒತ್ತಡವೇ ಹರಡುತ್ತದೆ. ರೇಡಿಯೊ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬಿಳಿ ಸಿಲಿಕೋನ್ ಗ್ರೀಸ್ ಅಗ್ಗವಾದರೂ ಈ ಕೆಲಸಕ್ಕೆ ಬೇಡ. ಹೆಸರಿರುವ ಕಂಪನಿಯ ಒಂದು ಸಣ್ಣ ಸಿರಿಂಜ್ ತಂದರೆ ಎಷ್ಟೋ ಸಲಕ್ಕೆ ಸಾಕಾಗುತ್ತದೆ.

ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ತಲೆಯ ಮೇಲೆ ಬಾಣದ ಗುರುತಿರುತ್ತದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಪಿನ್ ಬಿಡಿಸಿಕೊಳ್ಳುತ್ತದೆ. ಕೂರಿಸುವ ಮೊದಲು ನಾಲ್ಕನ್ನೂ ಬಾಣಕ್ಕೆ ಎದುರು ದಿಕ್ಕಿನಲ್ಲಿ ತಿರುಗಿಸಿಟ್ಟುಕೊಂಡು, ಒಂದು ಮೂಲೆಯ ಪಿನ್ ಒತ್ತಿದ ಮೇಲೆ ಅದಕ್ಕೆ ಕರ್ಣದಲ್ಲಿರುವ ಪಿನ್ ಒತ್ತಬೇಕು; ಪ್ರತಿಯೊಂದೂ ‘ಟಕ್’ ಎನ್ನಬೇಕು. ಸದ್ದು ಕೇಳಿದ ಮಾತ್ರಕ್ಕೆ ನಂಬದೆ, ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗಿಟ್ಟುಕೊಂಡೇ ಈ ಕೆಲಸ ಮಾಡಿ, ಮಗುಚಿ ಹಿಂಬದಿ ನೋಡಿ: ಸೀಳಿದ ಪ್ಲಾಸ್ಟಿಕ್ ಕಾಲುಗಳು ನಾಲ್ಕೂ ರಂಧ್ರಗಳಿಂದ ಹೊರಬಂದು, ಅವುಗಳ ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು. ಒಂದೇ ಒಂದು ಪಿನ್ ಸಡಿಲವಿದ್ದರೂ ಉಷ್ಣತೆ ಗಾಬರಿಯಾಗುವಷ್ಟು ಏರುತ್ತದೆ.

ಎತ್ತರದ ಟವರ್ ಕೂಲರ್ ಇಂಥ ಬೋರ್ಡ್‌ಗೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅಗ್ಗದ ಜಿ31 ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇರುವುದೇ ಅಪರೂಪ. ಕೆಳಮುಖವಾಗಿ ಗಾಳಿ ಬೀಸುವ ಕೂಲರ್ ಅವನ್ನೂ ತಂಪಾಗಿಡುತ್ತದೆ.

ಹಂತ 4: ಏರಿಸುವ ಮುನ್ನ

ಯಾವುದನ್ನೂ ಬದಲಿಸದೆ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಮತ್ತು ಪ್ರೊಸೆಸರನ್ನು ದುಡಿಸಿ ಪರೀಕ್ಷಿಸುವ ಪ್ರೈಮ್95 ಎಂಬ ತಂತ್ರಾಂಶಗಳೆರಡನ್ನೂ ಓಡಿಸಿ. ಮೂಲ ವೇಗದಲ್ಲೇ ತಪ್ಪು ಬಂದರೆ ಮುಂದಿನದನ್ನು ಓದಬೇಕಾಗಿಲ್ಲ. ಹಾರ್ಡ್‌ಡಿಸ್ಕ್‌ನಲ್ಲಿ ಕಳೆದುಕೊಳ್ಳಬಾರದ ಫೋಟೊ, ಕಡತ ಏನೂ ಇರಬಾರದು.

ಹಂತ 5: ಬಸ್ ಏರಿಸುವುದು, ರ‍್ಯಾಮ್ ಇಳಿಸುವುದು

ಡಿಡಿಆರ್2-800 ರ‍್ಯಾಮ್ ಇರುವ ಯಂತ್ರದಲ್ಲಿ ಬಸ್ 200 ಇದ್ದಾಗ ರ‍್ಯಾಮ್‌ನ ಗುಣಕ 4 ಇರುತ್ತದೆ, ಅಂದರೆ 800. ಈಗ ಗುಣಕವನ್ನು ಮುಟ್ಟದೆ ಬಸ್ ಅನ್ನು 240ಕ್ಕೆ ಏರಿಸಿದರೆ ರ‍್ಯಾಮ್ 960ರಲ್ಲಿ, 266ಕ್ಕೆ ಏರಿಸಿದರೆ 1066ರಲ್ಲಿ ಓಡಬೇಕಾಗುತ್ತದೆ. 800ಕ್ಕೆಂದು ಮಾರಿದ ಸಾಮಾನ್ಯ ರ‍್ಯಾಮ್ ಅಷ್ಟು ದೂರ ಬರುವುದಿಲ್ಲ. ಪರದೆ ಕಪ್ಪಾಗುವುದು ಇಲ್ಲಿ, ದೂರು ಹೋಗುವುದು ಪ್ರೊಸೆಸರ್ ಮೇಲೆ.

ಆದ್ದರಿಂದ ಬಸ್ ಮುಟ್ಟುವ ಮೊದಲು ನಾಲ್ಕು ಕೆಲಸಗಳಾಗಬೇಕು. ಬೋರ್ಡ್‌ಗೆ ಕಾರ್ಡ್‌ಗಳನ್ನು ಜೋಡಿಸುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್‌ನ ವೇಗವನ್ನು ‘ಆಟೊ’ದಿಂದ ತೆಗೆದು 100 ಮೆಗಾಹರ್ಟ್ಸ್‌ಗೆ ಬಿಗಿಯಿರಿ; ಅದು ಬಸ್ ಜೊತೆ ಏರಿದರೆ ಡಿಸ್ಕ್‌ನಲ್ಲಿರುವ ಮಾಹಿತಿಯೇ ಕೆಡಬಹುದು. ಸ್ಪೀಡ್‌ಸ್ಟೆಪ್ ಮತ್ತು ಸಿ1ಇ ಎಂಬ ವಿದ್ಯುತ್ ಉಳಿಸುವ ಆಯ್ಕೆಗಳನ್ನು ಪರೀಕ್ಷೆ ಮುಗಿಯುವವರೆಗೆ ಬಂದ್ ಮಾಡಿಡಿ. ಪ್ರೊಸೆಸರ್ ವೋಲ್ಟೇಜನ್ನು ಆಟೊದಲ್ಲಿ ಬಿಡದೆ, ಮೂಲ ವೇಗದಲ್ಲಿ ಎಷ್ಟಿತ್ತೋ ಅಷ್ಟನ್ನೇ ಕೈಯಾರೆ ನಮೂದಿಸಿ, ಏಕೆಂದರೆ ಕೆಲವು ಬೋರ್ಡ್‌ಗಳು ಆಟೊದಲ್ಲಿ ಕೇಳದೆಯೇ ಧಾರಾಳವಾಗಿ ಏರಿಸುತ್ತವೆ. ಕೊನೆಯದಾಗಿ, ರ‍್ಯಾಮ್ ಗುಣಕವನ್ನು 2.5ಕ್ಕೆ ಅಥವಾ ನಿಮ್ಮ ಬೋರ್ಡ್‌ನಲ್ಲಿ ಅದಕ್ಕೆ ಹತ್ತಿರವಿರುವ ಕೆಳಗಿನ ಅಂಕಿಗೆ ಇಳಿಸಿ. ಆಗ ಬಸ್ 266 ಮುಟ್ಟಿದರೂ ರ‍್ಯಾಮ್ 667ರ ಆಸುಪಾಸಿನಲ್ಲಿ ನಿಶ್ಚಿಂತೆಯಿಂದ ಇರುತ್ತದೆ. ಗಿಗಾಬೈಟ್ ಬೋರ್ಡ್‌ಗಳಲ್ಲಿ ಈ ಆಯ್ಕೆಗಳಲ್ಲಿ ಕೆಲವು ಕಾಣಿಸದಿದ್ದರೆ, ಬಯೋಸ್‌ನ ಮುಖ್ಯ ಪುಟದಲ್ಲಿ ಕಂಟ್ರೋಲ್ ಮತ್ತು ಎಫ್1 ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ.

ಇನ್ನು ಬಸ್ ಅನ್ನು ಹತ್ತತ್ತು ಮೆಗಾಹರ್ಟ್ಸ್ ಏರಿಸುತ್ತ ಹೋಗಿ. ಪ್ರತಿ ಏರಿಕೆಗೂ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆಯನ್ನು ಕಾಲು ಗಂಟೆ ಓಡಿಸಿ, ಕೋರ್ ಟೆಂಪ್ ಎಂಬ ತಂತ್ರಾಂಶದಲ್ಲಿ ಉಷ್ಣತೆ ಗಮನಿಸಿ. ಈ ಪರೀಕ್ಷೆ ಹೆಚ್ಚಾಗಿ ಪ್ರೊಸೆಸರ್ ಒಳಗಿನ ಕ್ಯಾಶ್‌ನಲ್ಲೇ ನಡೆಯುವುದರಿಂದ ರ‍್ಯಾಮ್‌ನ ತಂಟೆ ಬಾರದು. ಇಲ್ಲಿ ‘ರೌಂಡಿಂಗ್’ ತಪ್ಪು ಕಾಣಿಸಿಕೊಂಡು ಪರೀಕ್ಷೆ ನಿಂತರೆ ಅದು ಹೆಚ್ಚಿನ ವೋಲ್ಟೇಜ್‌ಗಾಗಿ ಪ್ರೊಸೆಸರ್‌ನ ಕೋರಿಕೆಯೇ. ಆಗ ವೋಲ್ಟೇಜನ್ನು ಬಯೋಸ್‌ನಲ್ಲಿರುವ ಅತಿ ಚಿಕ್ಕ ಮೆಟ್ಟಿಲಿನಷ್ಟು ಮಾತ್ರ ಏರಿಸಿ ಮತ್ತೆ ಪರೀಕ್ಷಿಸಿ. ನಡುವಿನ ಯಾವುದೋ ಒಂದು ಅಂಕಿಯಲ್ಲಿ ಯಂತ್ರ ಮೊಂಡು ಹಿಡಿದು, ಅದನ್ನು ದಾಟಿದ ಮೇಲೆ ಸಲೀಸಾಗಿ ನಡೆಯುವುದೂ ಉಂಟು. ಹಾಗಾಗಿ ಒಂದು ಸೋಲಿಗೆ ಕೈಚೆಲ್ಲಬೇಡಿ.

ಈ ಪ್ರೊಸೆಸರ್‌ಗೆ ಇಂಟೆಲ್ ಗೊತ್ತುಮಾಡಿದ ವೋಲ್ಟೇಜ್ ವ್ಯಾಪ್ತಿಯ ಮೇಲ್ತುದಿ 1.3625 ವೋಲ್ಟ್. ಅದನ್ನು ದಾಟಬಾರದು. ಪ್ರೊಸೆಸರ್ ನುಂಗುವ ವಿದ್ಯುತ್ ವೇಗದ ಅನುಪಾತದಲ್ಲೂ ವೋಲ್ಟೇಜ್‌ನ ವರ್ಗದ ಅನುಪಾತದಲ್ಲೂ ಏರುತ್ತದೆ. 2.5ರಿಂದ 3.33 ಗಿಗಾಹರ್ಟ್ಸ್‌ಗೆ ಹೋಗುವಾಗ ವೋಲ್ಟೇಜ್ ಬದಲಾಗದಿದ್ದರೆ ಹೆಚ್ಚಳ ಮೂರನೇ ಒಂದು ಭಾಗ. ಅದೇ ವೇಳೆ ವೋಲ್ಟೇಜನ್ನು 1.25ರಿಂದ 1.40ಕ್ಕೆ ಒಯ್ದರೆ ಹೆಚ್ಚಳ ಮೂರನೇ ಎರಡು ಭಾಗ. ಅವಸರಕ್ಕೆ ತುಸು ಹೆಚ್ಚೇ ಇರಲೆಂದು ವೋಲ್ಟೇಜ್ ಕೊಡುವವರು ಈ ಲೆಕ್ಕ ಹಾಕಿರುವುದಿಲ್ಲ.

266ರಲ್ಲಿ ಪ್ರೊಸೆಸರ್ ನಿಂತ ಮೇಲೆ ರ‍್ಯಾಮ್ ಸರದಿ, ಅದೂ ಪ್ರತ್ಯೇಕವಾಗಿ. ಬಸ್ ಅನ್ನು 266ರಲ್ಲೇ ಬಿಟ್ಟು ಪ್ರೊಸೆಸರ್ ಗುಣಕವನ್ನು 8ಕ್ಕೆ ಇಳಿಸಿ. ಪ್ರೊಸೆಸರ್ ಈಗ ಸುಮಾರು 2.13 ಗಿಗಾಹರ್ಟ್ಸ್‌ನಲ್ಲಿ, ಮೂಲ ವೇಗಕ್ಕಿಂತಲೂ ನಿಧಾನವಾಗಿ ಓಡುವುದರಿಂದ ಅದರ ಮೇಲೆ ಸಂಶಯಪಡಲು ಕಾರಣವಿಲ್ಲ. ರ‍್ಯಾಮ್ ಗುಣಕವನ್ನು 3ಕ್ಕೆ ಇಟ್ಟರೆ 800 ಬರುತ್ತದೆ. ಮೆಮ್‌ಟೆಸ್ಟ್86+ ಒಂದು ಸುತ್ತು ಪೂರ್ತಿ ಮುಗಿಯಲಿ. ಕೆಂಪು ಸಾಲು ಕಾಣಿಸಿದರೆ ತಪ್ಪು ರ‍್ಯಾಮ್‌ನದು ಅಥವಾ ಅದರ ಸ್ಲಾಟ್‌ನದು. ಒಂದೊಂದೇ ರ‍್ಯಾಮ್ ಪಟ್ಟಿ ಹಾಕಿ ನೋಡಿ. ಡಿಡಿಆರ್2ರ ನಿಯಮಿತ ವೋಲ್ಟೇಜ್ 1.8, ಅದನ್ನು ಏರಿಸುವ ಬದಲು ರ‍್ಯಾಮ್ ಗುಣಕವನ್ನು ಒಂದು ಮೆಟ್ಟಿಲು ಇಳಿಸುವುದು ಮೇಲು, ಏಕೆಂದರೆ 667 ಮತ್ತು 800ರ ನಡುವಿನ ವ್ಯತ್ಯಾಸ ದಿನನಿತ್ಯದ ಬಳಕೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ದಾಟಿದ ಮೇಲೆ ಪ್ರೊಸೆಸರ್ ಗುಣಕವನ್ನು ಮರಳಿ 12.5 ಮಾಡಿ.

ಯಂತ್ರ ಏಳದೇ ಹೋದರೆ ವಿದ್ಯುತ್ ತಂತಿ ಕಿತ್ತು, ಬೋರ್ಡ್ ಮೇಲೆ ಸಿಎಂಒಎಸ್ (ಬಯೋಸ್‌ನ ಅಂಕಿಗಳನ್ನು ನೆನಪಿಡುವ ಭಾಗ) ತೆರವು, ಅಂದರೆ ‘ಕ್ಲಿಯರ್ ಸಿಎಂಒಎಸ್’, ಎಂಬ ಗುರುತಿರುವ ಎರಡು ಕಡ್ಡಿಗಳನ್ನು ಕೆಲ ಕ್ಷಣ ಜೋಡಿಸಿ, ಇಲ್ಲವೇ ಬ್ಯಾಟರಿ ತೆಗೆದಿಡಿ. ಹಾಕಿದ ಅಂಕಿಗಳೆಲ್ಲ ಅಳಿಸಿಹೋಗುವುದರಿಂದ ಪ್ರತಿ ಬದಲಾವಣೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುವ ಅಭ್ಯಾಸವಿರಲಿ.

ಹಂತ 6: ಕೊನೆಯ ಪರೀಕ್ಷೆ

ಪ್ರೊಸೆಸರ್, ರ‍್ಯಾಮ್ ಎರಡನ್ನೂ ಒಟ್ಟಿಗೆ ದುಡಿಸುವ ಪ್ರೈಮ್95ರ ‘ಬ್ಲೆಂಡ್’ ಪರೀಕ್ಷೆ ರಾತ್ರಿಯಿಡೀ ಓಡಲಿ. 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾನು ನಿಲ್ಲಿಸುತ್ತೇನೆ, ನೀವೂ ನಿಲ್ಲಿಸಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಗೆದ್ದ ಯಂತ್ರ ರಾಯಚೂರಿನ ಏಪ್ರಿಲ್‌ನಲ್ಲಿ ಸೋಲಬಹುದು. ಕೋಣೆಯ ಬಿಸಿ ಎಷ್ಟು ಏರುತ್ತದೋ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಹಂತ 7: ಉಳಿದ ಮಾರ್ಪಾಡುಗಳು

ಸ್ಪೀಡ್‌ಸ್ಟೆಪ್ ಮತ್ತು ಸಿ1ಇ ಮರಳಿ ಚಾಲೂ ಮಾಡಿ. ಆಮೇಲೆ ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ ವೇಗ 1.6 ಗಿಗಾಹರ್ಟ್ಸ್ ಎಂದು ಕಂಡರೆ ಹೌಹಾರಬೇಡಿ: ಕೆಲಸವಿಲ್ಲದಾಗ ಗುಣಕ 6ಕ್ಕೆ ಇಳಿಯುತ್ತದೆ, 266ರ ಆರರಷ್ಟು 1.6 ಗಿಗಾ. ಕ್ಯಾಬಿನೆಟ್ ಹಿಂಬದಿಗೆ ಬಿಸಿಗಾಳಿ ಹೊರಹಾಕುವ ಒಂದು ಫ್ಯಾನ್ ಹಾಕಿ; ಬಣ್ಣದ ದೀಪಗಳಿರುವುದು ಬೇಡ. ಎಸ್‌ಎಸ್‌ಡಿ ಹಾಕಿದರೆ ಓವರ್‌ಕ್ಲಾಕ್‌ಗಿಂತ ಹೆಚ್ಚಿನ ಬದಲಾವಣೆ ಕಾಣಿಸುತ್ತದೆ, ಇದನ್ನು ಹವ್ಯಾಸಿಗಳು ಒಪ್ಪಿಕೊಳ್ಳಲು ಹಿಂಜರಿದರೂ ಸತ್ಯ. ಜಿ31ರ ರ‍್ಯಾಮ್ ಮಿತಿ 4 ಜಿಬಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಈಚಿನ ಆವೃತ್ತಿಗಳಿಗೆ ಬೇಕಾದ ಕೆಲವು ಇನ್‌ಸ್ಟ್ರಕ್ಷನ್‌ಗಳು (ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆದೇಶಗಳು) ಈ ಪ್ರೊಸೆಸರ್‌ನಲ್ಲಿಲ್ಲ. ಆದ್ದರಿಂದ ಎಕ್ಸ್‌ಎಫ್‌ಸಿಇ ಪರದೆಯಿರುವ ಹಗುರವಾದ ಲಿನಕ್ಸ್ ಒಂದನ್ನು ಹಾಕಿಕೊಳ್ಳಿ. ಅಂಕಿಗಳನ್ನು ಬರೆದಿಟ್ಟ ಹಾಳೆಯನ್ನು ಕ್ಯಾಬಿನೆಟ್‌ನ ಒಳಬಾಗಿಲಿಗೆ, ಫ್ಯಾನ್‌ಗೆ ಸಿಗದ ಹಾಗೆ ಅಂಟಿಸಿಡಿ.