ಟ್ಯಾಂಕ್ ತುಂಬಿಸುವ ಮೊದಲು ಹತ್ತು ನಿಮಿಷದ ಲೆಕ್ಕ

ದೂರದ ಪ್ರಯಾಣ ಅಂದ ಕೂಡಲೇ ಎಲ್ಲರೂ ಹಾಕುವ ಲೆಕ್ಕ ಒಂದೇ. ಒಟ್ಟು ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸುವುದು. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿದ್ದ ಮೈಲೇಜ್ ನಂಬಿ, ಒಂದೇ ಟ್ಯಾಂಕಿನಲ್ಲಿ ಆರಾಮಾಗಿ ತಲುಪಬಹುದು ಅಂತ ಹೊರಟೆ. ಘಾಟಿಯನ್ನು ಅರ್ಧ ಹತ್ತುವಷ್ಟರಲ್ಲಿ ಹಳದಿ ದೀಪ ಹತ್ತಿಕೊಂಡಿತು. ಭಾಗಾಕಾರ ಸರಿಯಾಗೇ ಇತ್ತು. ಮೈಲೇಜ್ ಮಾತ್ರ ನನ್ನ ಕಾರಿನದ್ದಾಗಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ಗಾಡಿಯ ನಿಜವಾದ ಮೈಲೇಜ್ ತಿಳಿದುಕೊಳ್ಳುವುದು. ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ 'ಟಕ್' ಅಂತ ತಾನಾಗಿ ನಿಂತಾಗ ಸಾಕು, ಮೇಲೆ ಇನ್ನಷ್ಟು ತುರುಕಿಸಬೇಡಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. 300 ಕಿ.ಮೀ. ಆದರೂ ಓಡಿಸಿ, ಆದಷ್ಟು ಅದೇ ಬಂಕಿಗೆ ಬಂದು, ಮತ್ತೆ ಮೊದಲ 'ಟಕ್' ತನಕ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 312 ಕಿ.ಮೀ.ಗೆ 19.5 ಲೀಟರ್ ಹಿಡಿದರೆ ಮೈಲೇಜ್ 16. ಒಂದೇ ಸಲಕ್ಕೆ ನಂಬಬೇಡಿ, ಎರಡು ಮೂರು ಸಲ ನೋಡಿ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಬಹಳ ಸಲ ಸ್ವಲ್ಪ ಜಾಸ್ತಿಯೇ ಇರುತ್ತದೆ. ಸಾಧ್ಯವಾದರೆ ಊರೊಳಗಿನ ಓಟಕ್ಕೂ ಹೆದ್ದಾರಿ ಓಟಕ್ಕೂ ಬೇರೆ ಬೇರೆ ಲೆಕ್ಕ ಇಡಿ. ಅದು ಯಾಕೆ ಬೇಕು ಅಂತ ಈಗ ನೋಡೋಣ.

ಎರಡನೆಯದು, ದಾರಿಯನ್ನು ತುಂಡು ಮಾಡುವುದು. ಹೆಚ್ಚಿನವರು ತಪ್ಪುವುದು ಇಲ್ಲೇ. ಒಂದು ಕಡೆಗೆ 450 ಕಿ.ಮೀ. ಅಂದುಕೊಳ್ಳಿ. ಅದರಲ್ಲಿ 300 ಹೆದ್ದಾರಿ, 100 ಘಾಟಿ, 50 ಊರೊಳಗಿನ ಟ್ರಾಫಿಕ್. ಹೆದ್ದಾರಿಯಲ್ಲಿ ಲೀಟರಿಗೆ 20 ಕೊಡುವ ಕಾರು ಘಾಟಿಯಲ್ಲಿ 12.5, ಟ್ರಾಫಿಕ್ಕಿನಲ್ಲಿ 10 ಕೊಡುತ್ತದೆ ಅನ್ನೋಣ. ಆಗ 15, 8, 5, ಒಟ್ಟು 28 ಲೀಟರ್. ಎಲ್ಲಕ್ಕೂ 20 ಅಂತ ಹಿಡಿದಿದ್ದರೆ 22.5 ಬರುತ್ತಿತ್ತು. ನನ್ನ ಹಳದಿ ದೀಪದ ಗುಟ್ಟು ಇಷ್ಟೇ.

ಮೈಲೇಜುಗಳನ್ನು ಸುಮ್ನೆ ಕೂಡಿಸಿ ಸರಾಸರಿ ತೆಗೆಯಲೂ ಬೇಡಿ. ಅರ್ಧ ದಾರಿ 20, ಇನ್ನರ್ಧ 12 ಕೊಟ್ಟರೆ ಸರಾಸರಿ 16 ಅನ್ನಿಸುತ್ತದೆ, ಅಲ್ವಾ? 600 ಕಿ.ಮೀ.ಗೆ ಲೆಕ್ಕ ಹಾಕಿ ನೋಡಿ: 15 ಲೀಟರ್, 25 ಲೀಟರ್, ಸೇರಿ 40. ಅಂದರೆ 15. ಪ್ರತಿ ತುಂಡಿಗೂ ಲೀಟರ್ ಕಂಡುಹಿಡಿದು, ಆಮೇಲೆ ಲೀಟರುಗಳನ್ನೇ ಕೂಡಿಸಿ.

ಮೂರನೆಯದು, ವೇಗ ಮತ್ತು ಭಾರ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 80ರ ಬದಲು 110ರಲ್ಲಿ ಓಡಿಸಿದರೆ ಆ ತಡೆ ಹತ್ತಿರ ಹತ್ತಿರ ಎರಡು ಪಟ್ಟು. ಸಾಮಾನುಗಳನ್ನು ಛಾವಣಿಗೆ ಕಟ್ಟಿದರೂ ಗಾಳಿಗೆ ಎದೆ ಕೊಟ್ಟ ಹಾಗೆಯೇ. ಡಿಕ್ಕಿಯಲ್ಲಿ ಹಿಡಿದರೆ ಅಲ್ಲೇ ಇಡಿ. ಟೈರಿನ ಗಾಳಿಯನ್ನು ಹೊರಡುವ ದಿನ, ಟೈರ್ ತಣ್ಣಗಿರುವಾಗಲೇ ನೋಡಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಅನ್ನುವವರ ಮಾತು ಕೇಳಬೇಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಲೇ ಇರಲು ಇಂಧನ ಬೇಕು. ಮೇಲಾಗಿ, ಬ್ರೇಕಿನ ಮೇಲೇ ಎಲ್ಲಾ ಭಾರ ಬೀಳುತ್ತದೆ.

ಈಗ ಒಟ್ಟು ಮಾಡೋಣ. ಹೋಗಿ ಬರಲು 56 ಲೀಟರ್. ಅಲ್ಲಿ ಹೋದ ಮೇಲೆ ಕಾರು ಶೆಡ್ಡಿನಲ್ಲಿ ನಿಲ್ಲುವುದಿಲ್ಲ, ಸುತ್ತಾಟಕ್ಕೆ 80 ಕಿ.ಮೀ. ಅಂದರೆ ಇನ್ನೂ 8. ಆಯಿತು 64. ದಾರಿ ತಪ್ಪುವುದು, ಎ.ಸಿ. ಹಾಕಿಕೊಂಡು ನಿಂತಲ್ಲೇ ಕಾಯುವುದು, ಇವಕ್ಕೆಲ್ಲ ಶೇ 10 ಸೇರಿಸಿದರೆ ಸುಮಾರು 70 ಲೀಟರ್. ಇದನ್ನು ಲೀಟರಿನ ಬೆಲೆಯಿಂದ ಗುಣಿಸಿದರೆ ಖರ್ಚು ಸಿಕ್ಕಿತು. ದಾರಿಯುದ್ದಕ್ಕೂ ಬೆಲೆ ಒಂದೇ ಇರಬೇಕೆಂದಿಲ್ಲ. ಜಾಸ್ತಿ ಇರುವ ಕಡೆಯ ಬೆಲೆಯನ್ನೇ ಹಿಡಿಯಿರಿ, ಕಡಿಮೆ ಇರುವ ಕಡೆ ತುಂಬಿಸಿ. ಟೋಲ್, ಪಾರ್ಕಿಂಗ್ ಬೇರೆ ಸಾಲಿನಲ್ಲಿ ಬರೆಯಿರಿ. ಎಲ್ಲ ಕಲಸಿದರೆ ಮುಂದಿನ ಸಲಕ್ಕೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ, ಟ್ಯಾಂಕ್ ಎಷ್ಟು ಲೀಟರಿನದು ಅಂತ ನೋಡಿಕೊಂಡು ಎಲ್ಲೆಲ್ಲಿ ತುಂಬಿಸಬೇಕು ಅಂತ ಗುರುತು ಹಾಕಿ. ನಾನಂತೂ ಮುಳ್ಳು ಕಾಲು ಭಾಗಕ್ಕೆ ಇಳಿಯುವ ಮೊದಲೇ ಬಂಕಿಗೆ ತಿರುಗಿಸುತ್ತೇನೆ. ಘಾಟಿ ಇದ್ದರೆ, ಅದರ ಬುಡದಲ್ಲೇ.