ಅರವತ್ತು ದಾಟಿದ ಸಿನಿಮಾ ತೆರೆಗೆ ತಂದ ಲೆಕ್ಕ

‘ರೈಟ್ಸ್ ಯಾರ ಹತ್ರಾನೋ ಇದ್ದೇ ಇರುತ್ತೆ, ಕೈ ಹಾಕ್ಬೇಡಿ ಸಾರ್.’ ಹಳೇ ಸಿನಿಮಾ ತೋರಿಸುತ್ತೇನೆಂದು ಗಾಂಧಿನಗರದಲ್ಲಿ ಯಾರನ್ನು ಕೇಳಿದರೂ ಇದೇ ರಾಗ. 1964ರ ಕಪ್ಪು-ಬಿಳುಪು ಚಿತ್ರವೊಂದನ್ನು ಒಂದು ರೂಪಾಯಿ ರಾಯಲ್ಟಿ ಕಟ್ಟದೆ ಪೂರ್ತಿ ತೋರಿಸಿದ್ದಾಯಿತು, ನೋಟಿಸು ಬರಲಿಲ್ಲ.

ಚಿತ್ರದ ಹಕ್ಕು, ಅಂದರೆ ಕಾಪಿರೈಟ್, ಇರುವುದು ಬಿಡುಗಡೆಯ ಮರುವರ್ಷದ ಜನವರಿ 1ರಿಂದ 60 ವರ್ಷ. 1964ರದ್ದು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. (ಮೊದಲು 50 ಇತ್ತು. ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದಿತ್ತು. ಅದಕ್ಕಾಗಿ ಎಳೆದ ಹತ್ತು ವರ್ಷ ಸಿನಿಮಾದ ತಲೆಗೂ ಬಿತ್ತು.) ಎಡವುವುದು ವರ್ಷ ಹಿಡಿಯುವಲ್ಲಿ. ನಾನು ಮೊದಲು ಆರಿಸಿದ ಚಿತ್ರಕ್ಕೆ ಸೆನ್ಸಾರ್ ಆದದ್ದು ಡಿಸೆಂಬರ್ 1964, ತೆರೆ ಕಂಡದ್ದು ಜನವರಿ 1965. ಕಾಯ್ದೆ ನೋಡುವುದು ಜನರೆದುರು ಬಂದ ದಿನವನ್ನು. ತಿಂಗಳ ಅಂತರಕ್ಕೆ ಇಡೀ ವರ್ಷ ಹೋಯಿತು, ಹಾಲ್‌ಗೆ ಕೊಟ್ಟ ಎಂಟು ಸಾವಿರ ಮುಂಗಡವೂ ಹೋಯಿತು. ಈಗ ಹಳೇ ಪತ್ರಿಕೆಯ ‘ಇಂದಿನಿಂದ’ ಜಾಹೀರಾತು, ದಿನಾಂಕ ಕಾಣುವ ಫೋಟೊ ಸಮೇತ, ಫೈಲಿನಲ್ಲಿ ಮೊದಲ ಹಾಳೆ.

ಹಾಡಿನದು ಬೇರೆ ಕಥೆ. ಸಾಹಿತ್ಯ, ಸಂಗೀತಕ್ಕೆ ಬರೆದವರ ಆಯುಸ್ಸಿನ ಮೇಲೆ 60 ವರ್ಷ. ‘ನಾಂದಿ’ 1964ರದ್ದು, ಅದರ ಹಾಡು ಬರೆದ ಆರ್.ಎನ್. ಜಯಗೋಪಾಲ್ ತೀರಿಕೊಂಡದ್ದು 2008ರಲ್ಲಿ, ಅಂದರೆ 2068ರವರೆಗೆ. ಹಾಗಂತ ಹೆದರಬೇಕಿಲ್ಲ: ಚಿತ್ರದ ಹಕ್ಕು ಮುಗಿದ ಮೇಲೆ ಆ ಚಿತ್ರವನ್ನು ಪ್ರದರ್ಶಿಸಿದರೆ ಒಳಗಿನ ಹಾಡಿನ ಹಕ್ಕು ಉಲ್ಲಂಘನೆಯಲ್ಲ, ಕಾಪಿರೈಟ್ ಕಾಯ್ದೆಯ ಸೆಕ್ಷನ್ 52(1)(ವೈ) ಓದಿ. ಹಾಡನ್ನು ಮಾತ್ರ ಕತ್ತರಿಸಿ ಹಾಕಿದರೆ ಆ ರಕ್ಷಣೆ ಇಲ್ಲ. ಪ್ರಚಾರಕ್ಕೆಂದು ಹಾಡಿನ ಎರಡು ನಿಮಿಷದ ತುಣುಕನ್ನು ನೆಟ್‌ಗೆ ಏರಿಸಿದ್ದೇ ತಡ, ಹಕ್ಕು ತನ್ನದೆಂದು ಆಡಿಯೋ ಕಂಪನಿಯೊಂದರ ಕ್ಲೇಮು ಬಿತ್ತು. ತೆಗೆದು ಹಾಕಿದೆ, ವಾದಕ್ಕಿಳಿಯಲಿಲ್ಲ.

ದುಡ್ಡು ಕರಗುವುದು ಪ್ರಿಂಟಿನಲ್ಲಿ, ಅಂದರೆ ಚಿತ್ರದ ರೀಲುಗಳಲ್ಲಿ. ಹಕ್ಕು ಬಿಟ್ಟಿ, ರೀಲಿನ ಡಬ್ಬ ಬಿಟ್ಟಿಯಲ್ಲ. ಏಳು ಡಬ್ಬ, ಸುಮಾರು 14,000 ಅಡಿ. ನಿಮಿಷಕ್ಕೆ 90 ಅಡಿಯಂತೆ ಎರಡೂವರೆ ಗಂಟೆ ಮೇಲೆ. ಮುಚ್ಚಳ ತೆಗೆದಾಗ ವಿನೆಗರ್ ವಾಸನೆ ಹೊಡೆದರೆ ಬೇಸ್ (ಫಿಲ್ಮಿನ ಪ್ಲಾಸ್ಟಿಕ್ ಪಟ್ಟಿ) ಕೊಳೆಯಲು ಶುರುವಾಗಿದೆ ಎಂದರ್ಥ, ಆ ಡಬ್ಬವನ್ನು ಬೇರೆ ಇಡಿ. ಕುಗ್ಗಿದ ರೀಲನ್ನು ಹಲ್ಲಿನ ಚಕ್ರದ ಯಂತ್ರಕ್ಕೆ ಕೊಟ್ಟರೆ ತೂತುಗಳು ಹರಿಯುತ್ತವೆ. ಡಿಜಿಟಲ್‌ಗೆ ಇಳಿಸಲು ರೋಲರ್ ಮೇಲೆ ಓಡುವ ಸ್ಕ್ಯಾನರೇ ಬೇಕು. ನಾನು ಮೊದಲ ಸಲ ರೀಲು ಒರೆಸದೆ ಸ್ಕ್ಯಾನಿಗೆ ಕೊಟ್ಟು ಕೆಟ್ಟೆ. ಧೂಳೆಲ್ಲ ಚಿತ್ರದ ಮೇಲೆ ಕೂತು, ಸೌಂಡ್ ಟ್ರ್ಯಾಕಿನಲ್ಲಿ ಹುರಿಗಡಲೆ ಸಿಡಿದ ಸದ್ದು. ನಲವತ್ತು ಸಾವಿರ ನೀರಿಗೆ. ಎರಡನೇ ಸಲ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ನೂಲು ಬಿಡದ ಬಟ್ಟೆಯಲ್ಲಿ ಅಡಿ ಅಡಿಯಾಗಿ ಒರೆಸಿದೆ. ಮೆಡಿಕಲ್ ಶಾಪಿನ 70% ಬೇಡ, ಅದರಲ್ಲಿರುವ ನೀರಿಗೆ ಎಮಲ್ಶನ್ (ಚಿತ್ರ ಮೂಡಿರುವ ಪದರ) ಉಬ್ಬುತ್ತದೆ, 99% ತನ್ನಿ. ಒಟ್ಟು ಎರಡು ಲಕ್ಷ ಚಿಲ್ಲರೆ ಆಯಿತು. ಮೂರನೇ ರೀಲಿನಲ್ಲಿ ದೃಶ್ಯ ಜಿಗಿಯುತ್ತಿದ್ದುದನ್ನು ಮುಚ್ಚಿದ ಬಗೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಣ್ಣ ಬಳಿದ ಪ್ರತಿಯಿಂದ ನಕಲು ಎತ್ತಬೇಡಿ. ‘ಸತ್ಯ ಹರಿಶ್ಚಂದ್ರ’ 1965ರದ್ದು, ಬಣ್ಣದಲ್ಲಿ ಮತ್ತೆ ಬಂದದ್ದು 2008ರಲ್ಲಿ. ಅದರ ಮೇಲೆ ಹೊಸ ತಕರಾರು ಹೂಡುವವರು ಸಿಕ್ಕೇ ಸಿಗುತ್ತಾರೆ. ಮತ್ತೆ, ಹಕ್ಕು ಮುಗಿದರೂ ಸೆನ್ಸಾರ್ ಸರ್ಟಿಫಿಕೇಟು ಬೇಕೇ ಬೇಕು. ಮೊದಲ ರೀಲಿನ ತಲೆಯಲ್ಲಿ ಅದರ ಚಿತ್ರವಿರುತ್ತದೆ, ಲೀಡರ್ (ರೀಲಿನ ತುದಿಯ ಖಾಲಿ ಪಟ್ಟಿ) ಕತ್ತರಿಸುವ ಭರದಲ್ಲಿ ಅದನ್ನೂ ಕತ್ತರಿಸಿಬಿಡಬೇಡಿ.