ಮರದ ಜಾಲರಿಗೆ ಬಣ್ಣ: ಸ್ಕ್ರೋಲ್ ಸಾ ಕೆಲಸದಲ್ಲಿ ಅಕ್ರಿಲಿಕ್ ಮತ್ತು ಗಾಜು

ಸ್ಕ್ರೋಲ್ ಸಾ ಎಂದರೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡುವ ಗರಗಸದ ಯಂತ್ರ. ಅದರಲ್ಲಿ ಕೊರೆದ ಮರದ ಜಾಲರಿಗೆ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಇಲ್ಲವೇ ಗಾಜಿನಿಂದ ಬಣ್ಣ ಕೂಡಿಸುವ ಕೆಲಸ ನಕ್ಷೆ ಬರೆಯುವಾಗಲೇ ಶುರುವಾಗಬೇಕು. ಕೊರೆದು ಮುಗಿಸಿದ ಮೇಲೆ ಹಿಂದೆ ಏನು ಅಂಟಿಸಲಿ ಎಂದು ಹುಡುಕಿದರೆ, ಎರಡು ಬಣ್ಣ ಕೂಡುವ ಗೆರೆ ಯಾವುದೋ ಕಿಂಡಿಯ ನಡುವೆ ಬಂದು ಕಾಣಿಸಿಯೇ ತೀರುತ್ತದೆ. ಒಂದು ನವಿಲಿನ ಫಲಕವನ್ನು ಇಟ್ಟುಕೊಂಡು ನನ್ನ ಕ್ರಮ ಹೇಳುತ್ತೇನೆ: 300 × 400 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ಪ್ಲೈವುಡ್. ಕತ್ತಿಗೆ ನೀಲಿ, ಗರಿಗೆ ಹಸಿರು, ಗರಿಯ ಕಣ್ಣಿಗೆ ಜೇನುಬಣ್ಣ.

ಬಣ್ಣದ ಗಾಜಿನ ಕಿಟಕಿಗಳಲ್ಲಿ ಎರಡು ತುಂಡುಗಳನ್ನು ಸೀಸದ ಪಟ್ಟಿ ಹಿಡಿದಿರುತ್ತದೆ. ಇಲ್ಲಿ ಆ ಕೆಲಸ ಮರದ್ದು. ಹಾಗಾಗಿ ಬಣ್ಣ ಬದಲಾಗುವ ಕಡೆಯೆಲ್ಲ ಮರದ ಪಟ್ಟಿ ಕನಿಷ್ಠ 8 ಮಿ.ಮೀ. ಅಗಲ ಉಳಿಯುವಂತೆ ಬರೆಯುತ್ತೇನೆ. ಎರಡೂ ಕಡೆಯ ತುಂಡು ಮೂರು ಮೂರು ಮಿ.ಮೀ. ಒಳಗೆ ಬಂದು ಕೂರಬೇಕು, ನಡುವೆ 2 ಮಿ.ಮೀ. ಬಿಡುವು ಇರಬೇಕು. ಒಂದೇ ಬಣ್ಣದ ಒಳಗಿನ ಪಟ್ಟಿಗಳು 2 ಮಿ.ಮೀ. ಇದ್ದರೂ ಸಾಕು. ಕಿಂಡಿಯ ಅಗಲವನ್ನೂ ಆಗಲೇ ನೋಡಿಕೊಳ್ಳಬೇಕು. 6 ಮಿ.ಮೀ. ಮರದಲ್ಲಿ 3 ಮಿ.ಮೀ. ಕಿಂಡಿಯ ಬಣ್ಣ ಪಕ್ಕಕ್ಕೆ ಸರಿದು ನಿಂತರೂ ತಕ್ಕಮಟ್ಟಿಗೆ ಕಾಣುತ್ತದೆ. ಅದೇ ಕಿಂಡಿ 12 ಮಿ.ಮೀ. ಮರದಲ್ಲಿದ್ದರೆ ಎದುರಿಗೆ ನಿಂತವರಿಗೆ ಮಾತ್ರ ಬಣ್ಣ, ಉಳಿದವರಿಗೆ ಕತ್ತಲು.

ಬೆಳಕು ಎಲ್ಲಿಂದ ಬರುತ್ತದೆ ಎನ್ನುವುದನ್ನು ತೀರ್ಮಾನಿಸದೆ ನಾನು ಬಣ್ಣದ ಹಾಳೆ ಕೊಳ್ಳುವುದಿಲ್ಲ. ಕಿಟಕಿಗೆ ತೂಗುವುದಾದರೆ ಪಾರದರ್ಶಕ ಬಣ್ಣ ಸರಿ. ಗೋಡೆಗೆ ಒತ್ತಿ ನೇತುಹಾಕಿದರೆ ಅದೇ ಕಡುನೀಲಿ ಕಪ್ಪಾಗಿ ಕಾಣುತ್ತದೆ. ಅಲ್ಲಿ ಫಲಕವನ್ನು ಗೋಡೆಯಿಂದ 20 ಮಿ.ಮೀ. ಮುಂದಕ್ಕೆ ನಿಲ್ಲಿಸಿ ಹಿಂದೆ ಬಿಳಿ ಹಲಗೆ ಇಡಬೇಕು, ಇಲ್ಲವೇ ಪಾರದರ್ಶಕವಲ್ಲದ ಹಾಳೆಯನ್ನೇ ಹಾಕಬೇಕು. ಎಲ್‌ಇಡಿ ಪಟ್ಟಿ ಹಾಕುವುದಾದರೆ ದೀಪಕ್ಕೂ ಬಣ್ಣಕ್ಕೂ ನಡುವೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಬೇಕು. ಅದಿಲ್ಲದಿದ್ದರೆ ದೀಪದ ಚುಕ್ಕೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಹಳದಿ ಛಾಯೆಯ ಬೆಳಕಿನಲ್ಲಿ ಕೆಂಪು, ಜೇನುಬಣ್ಣ ಬೆಳಗುತ್ತವೆ, ನೀಲಿ ಮಂಕಾಗುತ್ತದೆ. ನವಿಲಿಗೆ ನಾನು ಬಿಳಿ ಬೆಳಕನ್ನೇ ಆರಿಸುತ್ತೇನೆ.

ಇನ್ನು ಅಕ್ರಿಲಿಕ್. 3 ಮಿ.ಮೀ. ದಪ್ಪದ, ಅಚ್ಚಿಗೆ ಎರೆದು ಮಾಡಿದ ಕಾಸ್ಟ್ ಹಾಳೆಯನ್ನೇ ಕೇಳಿ ತರುತ್ತೇನೆ. ಯಂತ್ರದಿಂದ ಒತ್ತಿ ಹೊರತೆಗೆದ ಎಕ್ಸ್‌ಟ್ರೂಡೆಡ್ ಹಾಳೆ ಅಗ್ಗ, ಆದರೆ ಬ್ಲೇಡಿನ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಕರಗಿದ ಪುಡಿ ಬ್ಲೇಡಿನ ಹಿಂದೆಯೇ ಗಟ್ಟಿಯಾಗಿ, ಕೊಯ್ದ ಸೀಳು ಮತ್ತೆ ಬೆಸೆದುಕೊಳ್ಳುತ್ತದೆ. ಕಾಸ್ಟ್ ಹಾಳೆಯಲ್ಲೂ ಇದು ಆಗಬಹುದು, ಕಾರಣ ಯಾವಾಗಲೂ ಬಿಸಿಯೇ. ಹಾಳೆಯ ಮೇಲಿನ ರಕ್ಷಣಾ ಕಾಗದ ತೆಗೆಯದೆ ಅದರ ಮೇಲೆ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸುತ್ತೇನೆ, ಅದು ಬ್ಲೇಡಿಗೆ ಜಾರು ಕೊಡುತ್ತದೆ. ಹಲ್ಲುಗಳ ನಡುವೆ ಜಾಗ ಬಿಟ್ಟ 5 ಅಥವಾ 7 ನಂಬರಿನ ಬ್ಲೇಡ್, ನಿಮಿಷಕ್ಕೆ 600ರಿಂದ 800 ಹೊಡೆತ, ಒಂದೇ ಸಮನಾದ ತಳ್ಳುವಿಕೆ. ಸಣ್ಣ ಹಲ್ಲಿನ ಬ್ಲೇಡ್ ನಯವಾಗಿ ಕೊಯ್ಯುತ್ತದೆ ಎಂದುಕೊಳ್ಳುವವರಿದ್ದಾರೆ. ಅಕ್ರಿಲಿಕ್‌ನಲ್ಲಿ ಅದು ಪುಡಿಯನ್ನು ಹೊರಹಾಕಲಾರದೆ ಬಿಸಿಯನ್ನೇ ಹೆಚ್ಚಿಸುತ್ತದೆ.

ಬಣ್ಣವನ್ನು ಮರದ ಹಿಂದೆ ಇಡದೆ ಮರದೊಳಗೇ ಕೂರಿಸುವುದೂ ಉಂಟು. ನನಗೆ ತುಂಬ ಇಷ್ಟದ ಕೆಲಸ ಇದು. 3 ಮಿ.ಮೀ. ಮರದ ಮೇಲೆ 3 ಮಿ.ಮೀ. ಅಕ್ರಿಲಿಕ್ ಇಟ್ಟು, ಎರಡು ಕಡೆ ಅಂಟುವ ಟೇಪಿನಿಂದ ಹಿಡಿಸಿ, ಸ್ಕ್ರೋಲ್ ಸಾದ ಮೇಜನ್ನು ಓರೆ ಮಾಡಿ ಒಟ್ಟಿಗೆ ಕೊಯ್ಯಬೇಕು. ತುಂಡು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ ಬರಬೇಕು; ಆಗ ಮೇಲಿನ ಅಕ್ರಿಲಿಕ್ ತುಂಡು ಕೆಳಗಿನ ಮರದ ಕಿಂಡಿಗೆ ಬಿರಡೆಯಂತೆ ಬಿಗಿಯಾಗಿ ಇಳಿಯುತ್ತದೆ. ಓರೆ ಎಷ್ಟು ಎನ್ನುವುದು ಬ್ಲೇಡಿನ ಸೀಳಿನ ಅಗಲ ಮತ್ತು ಹಾಳೆಯ ದಪ್ಪದ ಲೆಕ್ಕ. 0.4 ಮಿ.ಮೀ. ಸೀಳು, 3 ಮಿ.ಮೀ. ದಪ್ಪಕ್ಕೆ ಸುಮಾರು 7.5 ಡಿಗ್ರಿ, 6 ಮಿ.ಮೀ. ದಪ್ಪಕ್ಕೆ 4 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಚೂರು ಹಲಗೆಯಲ್ಲಿ ಒಂದು ವೃತ್ತ ಕೊಯ್ದು ನೋಡಿ, ತುಂಡು ಮೇಲೆ ಉಳಿದರೆ ಓರೆ ಕಡಿಮೆ ಮಾಡಿ, ಒಳಕ್ಕೆ ಬಿದ್ದರೆ ಹೆಚ್ಚಿಸಿ. ಬ್ಲೇಡ್ ತೂರಿಸುವ ರಂಧ್ರವನ್ನೂ ಅದೇ ಓರೆಯಲ್ಲಿ ಕೊರೆಯಬೇಕು. ಆರಂಭದಿಂದ ಕೊನೆಯವರೆಗೆ ಹಲಗೆ ಒಂದೇ ದಿಕ್ಕಿಗೆ ತಿರುಗಬೇಕು. ನಡುವೆ ದಿಕ್ಕು ಬದಲಿಸಿದರೆ ಓರೆ ತಿರುವುಮುರುವಾಗಿ ತುಂಡು ಕೂರುವುದಿಲ್ಲ.

ಗಾಜನ್ನು ಸ್ಕ್ರೋಲ್ ಸಾದ ಮರದ ಬ್ಲೇಡ್ ಕೊಯ್ಯುವುದಿಲ್ಲ. ಕಟರ್ ಚಕ್ರಕ್ಕೆ ಎಣ್ಣೆ ಹಚ್ಚಿ, ಒಂದೇ ಬಾರಿ ಗೆರೆ ಎಳೆದು, ಇಕ್ಕಳದಿಂದ ಮುರಿಯಬೇಕು. ಎಳೆದ ಗೆರೆಯ ಮೇಲೆ ಮತ್ತೆ ಎಳೆದರೆ ಗಾಜು ಅಡ್ಡಾದಿಡ್ಡಿ ಒಡೆಯುತ್ತದೆ, ಚಕ್ರವೂ ಹಾಳು. ಒಳಕ್ಕೆ ಬಾಗಿದ ಆಳದ ತಿರುವುಗಳು ಗಾಜಿಗೆ ಒಗ್ಗುವುದಿಲ್ಲವಾದ್ದರಿಂದ ಗರಿಯ ಆಕಾರಕ್ಕೇ ಕತ್ತರಿಸುವ ಹಟ ಬೇಡ. ಗರಿಗಳ ಗುಂಪನ್ನು ಮುಚ್ಚುವ ಸರಳ ತುಂಡು ಸಾಕು, ಆಕಾರವನ್ನು ಮುಂದಿನ ಮರ ಕೊಡುತ್ತದೆ. ಕನ್ನಡಕ ಕಡ್ಡಾಯ.

ತೂಕವನ್ನೂ ನೋಡಿ: 300 × 200 ಮಿ.ಮೀ., 3 ಮಿ.ಮೀ. ದಪ್ಪದ ಗಾಜು ಸುಮಾರು 450 ಗ್ರಾಂ, ಅದೇ ಅಳತೆಯ ಅಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ. ಆದರೆ ಗಾಜಿನೊಳಗಿನ ಅಲೆ, ಗುಳ್ಳೆ, ಬಣ್ಣದ ಏರಿಳಿತ ಅಕ್ರಿಲಿಕ್‌ನಲ್ಲಿ ಸಿಗದು. ಕಿಟಕಿಯ ಬಿಸಿಲಿಗೆ ನಾನು ಗಾಜನ್ನೇ ಹಾಕುತ್ತೇನೆ.

ಅಂಟಿಸುವ ಮೊದಲು ಮರದ ಪಾಲಿಶ್ ಪೂರ್ತಿ ಮುಗಿದು, ವಾಸನೆ ಹೋಗುವಷ್ಟು ಒಣಗಿರಬೇಕು. ಥಿನ್ನರ್, ಸ್ಪಿರಿಟ್ ತಾಗಿದರೆ ಕೊಯ್ದ ಅಕ್ರಿಲಿಕ್ ಅಂಚಿನಲ್ಲಿ ಕೂದಲೆಳೆ ಬಿರುಕುಗಳು ಏಳುತ್ತವೆ. ಒರೆಸಲು ಸೋಪಿನ ನೀರು, ಮೆತ್ತನೆ ಬಟ್ಟೆ ಮಾತ್ರ. ತಕ್ಷಣ ಹಿಡಿಯುವ ಸೂಪರ್ ಗ್ಲೂ ಬೇಡ, ಅದರ ಆವಿ ಸುತ್ತ ಬಿಳಿ ಮಬ್ಬು ಬಿಡುತ್ತದೆ. ಅಕ್ರಿಲಿಕ್ಕನ್ನು ಅಕ್ರಿಲಿಕ್ಕಿಗೆ ಬೆಸೆಯುವ ದ್ರಾವಣ ಮರಕ್ಕೆ ಹಿಡಿಯುವುದಿಲ್ಲ. ಹುಳಿ ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನನ್ನು ಅಂಚಿನುದ್ದಕ್ಕೂ ಎಳೆಯದೆ, 40 ಮಿ.ಮೀ.ಗೊಂದರಂತೆ ಚುಕ್ಕೆಯಾಗಿ ಇಡುತ್ತೇನೆ. 300 ಮಿ.ಮೀ. ಅಕ್ರಿಲಿಕ್ 20 ಡಿಗ್ರಿ ಬಿಸಿ ಏರಿದರೆ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ಘನ ಮರವಾದರೆ ಮಳೆಗಾಲದಲ್ಲಿ ಅದೂ ಅಡ್ಡಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬಿಡುವಿಲ್ಲದೆ ಬಿಗಿದರೆ ಅಕ್ರಿಲಿಕ್ ಡೊಂಕಾಗುತ್ತದೆ, ಗಾಜು ಸೀಳುತ್ತದೆ. ಹಿಂಬದಿಯ ಹಲಗೆಗೆ ಅಂಟು ಹಾಕದೆ ನಾಲ್ಕು ಸ್ಕ್ರೂ ಹಾಕಿ. ಎಲ್‌ಇಡಿ ಕೆಟ್ಟಾಗ ಬಿಚ್ಚಲೇಬೇಕಾಗುತ್ತದೆ.